ಎತ್ತರಿಸಿದ ಜೀಪಿನ ಅಚ್ಚು ಮತ್ತು ಶಾಫ್ಟು

ದುರ್ಗಮ ಹಾದಿಗೆಂದು ಜೀಪನ್ನು ಎತ್ತರಿಸುವವರು ಸ್ಪ್ರಿಂಗುಗಳನ್ನಷ್ಟೇ ಬದಲಿಸಿದರೆ ಕಾರ್ಯ ಮುಗಿಯದು. ಅಮೆರಿಕದ ಜೀಪ್ ರ‍್ಯಾಂಗ್ಲರ್ ಟಿಜೆಯ 1997ರಿಂದ 2006ರವರೆಗಿನ ಮಾದರಿಗಳು ಇದಕ್ಕೆ ನಿದರ್ಶನ. ಒಡಲು ಮೇಲೇರಿದಂತೆ, ಅಚ್ಚನ್ನು ಚೌಕಟ್ಟಿಗೆ ಅಡ್ಡಲಾಗಿ ಬಿಗಿದ ಟ್ರ್ಯಾಕ್ ಬಾರು ಹೆಚ್ಚು ಓರೆಯಾಗಿ ಅಚ್ಚನ್ನು ಪಕ್ಕಕ್ಕೆ ಸೆಳೆಯುತ್ತದೆ; ಉದ್ದ ಹೊಂದಿಸಬಲ್ಲ ಬಾರಿನಿಂದ ಅದನ್ನು ನಡುವಿಗೆ ತರಬೇಕು.

ಪ್ರೊಪೆಲ್ಲರ್ ಶಾಫ್ಟಿನ ಓರೆಯೂ ಹೆಚ್ಚುತ್ತದೆ. ಓರೆಯಾಗಿ ತಿರುಗುವ ಯೂನಿವರ್ಸಲ್ ಜಾಯಿಂಟಿನಲ್ಲಿ ವೇಗವು ಸಮವಾಗಿರದು: ಕೋನವು 30 ಡಿಗ್ರಿಯಾದರೆ, 100ರ ವೇಗವು ಪ್ರತಿ ಸುತ್ತಿನಲ್ಲೂ ಎರಡು ಸಲ ಸುಮಾರು 87ಕ್ಕಿಳಿದು 115ಕ್ಕೇರುವುದು. ಹಿಂದಿನ ಪಿನಿಯನ್ನು ಟ್ರಾನ್ಸ್‌ಫರ್ ಕೇಸಿನ ದಂಡಕ್ಕೆ ಸಮಾಂತರವಾಗಿದ್ದು ಎರಡು ಕೋನಗಳೂ ಸಮವಾದರೆ, ಒಂದು ಜಾಯಿಂಟಿನ ದೋಷವನ್ನು ಇನ್ನೊಂದು ಕಳೆಯುತ್ತದೆ. ಮೇಲ್ತುದಿಯಲ್ಲಿ ಜೋಡಿ ಜಾಯಿಂಟಿದ್ದರೆ ಮಾತ್ರ ಪಿನಿಯನ್ನು ನೇರವಾಗಿ ಶಾಫ್ಟಿಗೇ ಮುಖಮಾಡಬೇಕು. ಕಂಟ್ರೋಲ್ ಆರ್ಮುಗಳ ಉದ್ದವನ್ನು ಹೊಂದಿಸಿ ಇದನ್ನು ಸಾಧಿಸುವರು. ಕಡೆಗಣಿಸಿದಲ್ಲಿ ಮೊದಲು ಕಂಪನ. ಬಳಿಕ ನಿರ್ಜನ ಕಣಿವೆಯಲ್ಲಿ ಜಾಯಿಂಟೇ ಮುರಿದೀತು.