ಕರೆಂಟು ಕೊಡಿಸೋ ಮುಂಚೆ

ತಮ್ಮಾ, ಮೊನ್ನೆ ನೀನು ಬಂದು ಕಟ್ಟೆ ಮೇಲೆ ಕೂತಾಗ ಕೈಯಲ್ಲಿದ್ದ ಗೊಬ್ಬರದಂಗಡಿ ಚೀಲ ನೋಡಿಯೇ ನನಗೆ ಅರ್ಧ ಗೊತ್ತಾಯಿತು. ಡಿಸ್ಚಾರ್ಜ್ ಸಮ್ಮರಿ ನಾಲ್ಕು ಮಡಿಕೆಯಾಗಿತ್ತು, ರಕ್ತದ ರಿಪೋರ್ಟಿಗೆ ಅರಿಶಿನದ ಬೆರಳು ಹತ್ತಿತ್ತು, ಔಷಧಿ ಬಿಲ್ಲಿನೊಳಗೆ ಜಗಳೂರು ಬಸ್ಸಿನ ಟಿಕೆಟ್ಟು. ನಿಮ್ಮಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿ ಇನ್ನೂ ಆರು ವಾರ. ಅಷ್ಟರಲ್ಲೇ ನೀನು, “ದೊಡ್ಡಪ್ಪಾ, ಕರೆಂಟೂ ಕೊಡಿಸಿಬಿಡ್ತೀವಿ, ಎರೆ ಹೊಲದ ಪತ್ರ ಅಡ ಇಡ್ತೀನಿ” ಅಂದೆ. ಮನೆ ತುಂಬ ಜನ ಇದ್ದರು, ಸುಮ್ಮನಾದೆ. ಪತ್ರ ಪೆಟ್ಟಿಗೆಯಲ್ಲೇ ಇರಲಿ. ಮೊದಲು ನನ್ನ ಮಾತು ಕೇಳು.

ನಾನು ಡಾಕ್ಟರಲ್ಲ. ಆದರೆ ಒಂಬತ್ತು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡವನು.

ನಮ್ಮೂರ ಮಾತು ನಿನಗೆ ಗೊತ್ತಲ್ಲ, ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು. ಮರುಳಸಿದ್ದನ ಗುಡಿಯ ಕೆತ್ತನೆಗೆ ಹೇಳಿದ್ದು ಅದು. ಈ ಕಾಯಿಲೆಯಲ್ಲೂ ಹೊರಗೆ ನೋಡಿದರೆ ಏನೂ ತಿಳಿಯಲ್ಲ. ಗಾಯ ಮಾಗಿರುತ್ತೆ, ಮನುಷ್ಯ ರೊಟ್ಟಿ ಉಣ್ಣುತ್ತಿರುತ್ತಾನೆ. ಒಳಗಿನ ಸುದ್ದಿ ಇರೋದು ಎರಡು ಕಾಗದದಲ್ಲಿ. ಒಂದು, ತೆಗೆದ ಗಡ್ಡೆಯನ್ನು ಪರೀಕ್ಷೆ ಮಾಡಿದ ಬಯಾಪ್ಸಿ ರಿಪೋರ್ಟು. ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಹೇಳೋ ಗ್ಲೀಸನ್ ಅಂಕ ಎಷ್ಟು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ವೀರ್ಯಕೋಶಕ್ಕೋ ಗಂಟುಗಳಿಗೋ ದಾಟಿದೆಯೇ ಎಲ್ಲ ಅದರಲ್ಲಿರುತ್ತೆ. ಇನ್ನೊಂದು ಪಿಎಸ್‌ಎ ರಕ್ತಪರೀಕ್ಷೆ. ಗ್ರಂಥಿಯನ್ನೇ ತೆಗೆದ ಮೇಲೆ ಅದು ಸೊನ್ನೆಯ ಹತ್ತಿರ ಬರಬೇಕು. ಮುಂದೆ ಯಾವತ್ತಾದರೂ 0.2 ದಾಟಿ, ಇನ್ನೊಂದು ಸಲ ನೋಡಿದಾಗಲೂ ಹಾಗೇ ಇದ್ದರೆ ಕಾಯಿಲೆ ತಿರುಗಿ ಬಂದಿದೆ ಅಂತ ಲೆಕ್ಕ. ನಿನ್ನ ಚೀಲದಲ್ಲಿ ಬಯಾಪ್ಸಿ ರಿಪೋರ್ಟೇ ಇರಲಿಲ್ಲ. ಹೊಲ ಅಡ ಇಡೋಕೆ ಹೊರಟವನು ಇದನ್ನೇ ಬಿಟ್ಟು ಬಂದಿದ್ದೀಯಲ್ಲೋ!

ಮುಂಚೆ, ಅಪಾಯ ಕಂಡ ಕೂಡಲೇ ಎಲ್ಲರಿಗೂ ರೇಡಿಯೇಷನ್, ಅಂದರೆ ನೀನು ಹೇಳಿದ ಕರೆಂಟು, ಕೊಡಬೇಕೋ, ಪಿಎಸ್‌ಎ ಏರಿದವರಿಗೆ ಮಾತ್ರ ಕೊಟ್ಟರೆ ಸಾಕೋ ಅಂತ ದೊಡ್ಡ ಜಗಳವೇ ಇತ್ತು. 2020ರಲ್ಲಿ ಮೂರು ದೊಡ್ಡ ಪ್ರಯೋಗಗಳ ಲೆಕ್ಕ ಒಟ್ಟುಗೂಡಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿದರು, 2,153 ಜನರದ್ದು. ತಕ್ಷಣ ಕೊಟ್ಟಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಕಾದವರಲ್ಲಿ ಆ ಹೊತ್ತಿಗೆ ರೇಡಿಯೇಷನ್ ಬೇಕಾದದ್ದು ನೂರಕ್ಕೆ 39 ಜನಕ್ಕೆ. ಉಳಿದವರಿಗೆ ಅದರ ತಾಪತ್ರಯವೇ ತಪ್ಪಿತ್ತು. ಉಚ್ಚೆ ಸೋರೋದು ಹೆಚ್ಚಾಗೋದು, ಉಚ್ಚೆ ದಾರಿ ಕಿರಿದಾಗೋದು, ಮಲದಲ್ಲಿ ರಕ್ತ, ಇವೆಲ್ಲ ಸಣ್ಣ ತಾಪತ್ರಯವಲ್ಲ.

ಕಾಯೋದು ಅಂದರೆ ಮರೆಯೋದಲ್ಲ ಮತ್ತೆ. ಡಾಕ್ಟರು ಹೇಳಿದ ತಿಂಗಳಿಗೆ ಸರಿಯಾಗಿ ಪಿಎಸ್‌ಎ ಆಗಲೇಬೇಕು. ಶಿಖರಕ್ಕೆ ಎಣ್ಣೆ ಎರೆಯೋ ಜಾತ್ರೆ ಇದೆ, ಈರುಳ್ಳಿ ಕೀಳೋದಿದೆ ಅಂತ ಮುಂದಕ್ಕೆ ಹಾಕಬೇಡ. ಏರಿದರೆ 0.5 ಮುಟ್ಟೋ ಮುಂಚೆಯೇ ಶುರುಮಾಡೋದು ಒಳ್ಳೇದು ಅನ್ನುತ್ತಾರೆ. ಗಂಟಿಗೆ ದಾಟಿದೆ, ಗ್ಲೀಸನ್ 8 ಅಥವಾ ಅದರ ಮೇಲಿದೆ ಅಂತ ರಿಪೋರ್ಟಿನಲ್ಲಿ ಇದ್ದರೆ ಮಾತೇ ಬೇರೆ. ಆಗ ಕಾಯೋದು ಬೇಡ ಅಂತ ಡಾಕ್ಟರು ಹೇಳಬಹುದು, ಕೇಳು. ಆಪರೇಷನ್ ಮಾಡಿದವರನ್ನು ಒಬ್ಬರನ್ನೇ ಕೇಳಿ ಬರಬೇಡ. ರೇಡಿಯೇಷನ್ ಡಾಕ್ಟರ ಹತ್ತಿರವೂ ಕೂತು ಮಾತಾಡು. “ಎಷ್ಟು ಸಿಟ್ಟಿಂಗು?” ಅಂತ ಮರೆಯದೆ ಕೇಳು. ಆ ಪ್ರಯೋಗಗಳಲ್ಲೇ ದೊಡ್ಡದರಲ್ಲಿ ಕೆಲವರಿಗೆ 33, ಕೆಲವರಿಗೆ 20 ಸಿಟ್ಟಿಂಗು ಕೊಟ್ಟಿದ್ದರು. ಆ ಹದಿಮೂರು ದಿನದ ರೂಮಿನ ಬಾಡಿಗೆ, ಊಟ, ನಿನ್ನ ಕೂಲಿ ಯಾವ ವಿಮೆಯಲ್ಲೂ ಬರಲ್ಲ.

ಈಗ ದುಡ್ಡಿನ ವಿಷಯ. ನಿಮ್ಮದು ಬಿಪಿಎಲ್ ಕಾರ್ಡು. ನಮ್ಮ ಕಡೆಗೆ ಸರ್ಕಾರದ ಚಿಕಿತ್ಸೆ ಯೋಜನೆ ಹೊಸದೇನಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದೇ ಗುಲ್ಬರ್ಗ ವಿಭಾಗದಿಂದ, ಆಗ ನಾವು ಬಳ್ಳಾರಿ ಜಿಲ್ಲೆಯವರು. 2018ರಲ್ಲಿ ಅದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜು ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಪರೇಷನ್ನಿನ ಪ್ಯಾಕೇಜು ಬೇರೆ, ರೇಡಿಯೇಷನ್ನಿನದು ಬೇರೆ. ಅದಕ್ಕೆ ಹೊಸದಾಗಿ ಮಂಜೂರಾತಿ ಆಗಬೇಕು, ಅದೂ ಮೊದಲ ಸಿಟ್ಟಿಂಗಿಗೆ ಮುಂಚೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳ್ತೀನಿ ಅಂದರೆ ನಡೆಯಲ್ಲ. ರೇಡಿಯೇಷನ್ನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಕಲಬುರ್ಗಿಯಲ್ಲಿ ಕಿದ್ವಾಯಿಯದೇ ಕೇಂದ್ರವಿದೆ. ಕಿದ್ವಾಯಿ ಆವರಣದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯೂ ಉಂಟು. ರೈಲಿನಲ್ಲಿ ಹೋದರೆ ಕ್ಯಾನ್ಸರ್ ರೋಗಿಗೂ ಜೊತೆಗಿರೋ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಬೇಕು.

ನಾನು ಎಡವಿದ್ದು ಖಾಸಗಿ ವಿಮೆಯಲ್ಲಿ. ಮಗನ ಕಂಪನಿಯ ಪಾಲಿಸಿಯಲ್ಲಿ ನಾನಿದ್ದೆ. ಡಿಸ್ಚಾರ್ಜ್ ಆದ ಮೇಲೆ 60 ದಿನದ ಖರ್ಚು ಕೊಡ್ತೀವಿ ಅಂತ ಅದರಲ್ಲಿ ಬರೆದಿತ್ತು, ರೇಡಿಯೇಷನ್ನೂ ಅದರಲ್ಲೇ ಬರುತ್ತೆ ಅಂದುಕೊಂಡೆ. ನನಗೆ ಬೇಕಾದದ್ದು ಹನ್ನೊಂದನೇ ತಿಂಗಳಿಗೆ. ಅಷ್ಟರಲ್ಲಿ ಮಗ ಸಂಬಳ ಜಾಸ್ತಿ ಅಂತ ಬೇರೆ ಕಂಪನಿಗೆ ಹಾರಿದ್ದ. ಅಲ್ಲಿ ಅಪ್ಪ ಅಮ್ಮನಿಗೆ ವಿಮೆಯೇ ಇಲ್ಲ. ಅವನಿಗೂ ಗೊತ್ತಿರಲಿಲ್ಲ, ಪಾಪ. ನಿನ್ನ ತಮ್ಮ ಬೆಂಗಳೂರಲ್ಲಿ ಕೆಲಸ ಬಿಡ್ತೀನಿ ಅಂತಿದ್ದನಲ್ಲ? ಅಪ್ಪನ ಹೆಸರು ಅವನ ಪಾಲಿಸಿಯಲ್ಲಿದ್ದರೆ ಎರಡು ಪಿಎಸ್‌ಎ ಆಗೋವರೆಗಾದರೂ ತಡಿ ಅಂತ ಹೇಳು. ರೇಡಿಯೇಷನ್ನಿಗೆ ಅಡ್ಮಿಟ್ ಆಗಬೇಕಿಲ್ಲ, ದಿನಾ ಹೋಗಿ ಬರೋದು. ಪಾಲಿಸಿಯಲ್ಲಿ ಅದನ್ನು ‘ಡೇ ಕೇರ್’ ಅಂತಾರೆ. ಅಡ್ಮಿಟ್ ಆಗಿಲ್ಲ ಅಂತ ಕ್ಲೇಮು ತಳ್ಳಿದರೆ ಸುಮ್ಮನೆ ಬರಬೇಡ, ಬರೆದು ಕೊಡಿ ಅನ್ನು. 155255ಕ್ಕೆ ಫೋನ್ ಮಾಡಿ ವಿಮಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅದೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಫೀಸಿಲ್ಲ.

ಇನ್ನೊಂದು ಮಾತು, ನಿಮ್ಮಪ್ಪ ನಿನ್ನ ಹತ್ತಿರ ಹೇಳಲ್ಲ. ಉಚ್ಚೆ ಸೋರುತ್ತಿರುತ್ತೆ. ಪಂಚೆ ಬಿಟ್ಟು ಕರೀ ಪ್ಯಾಂಟು ಹಾಕೋಕೆ ಶುರುಮಾಡಿದ್ದಾನಲ್ಲ, ಅದಕ್ಕೇ. ರೇಡಿಯೇಷನ್ ದಿನ ನೀರು ಕುಡಿದು ಉಚ್ಚೆಚೀಲ ತುಂಬಿಸಿಕೊಂಡು ಮಲಗಬೇಕು. ಬೆಂಚಿನ ಮೇಲೆ ಬಾಟಲಿ ಹಿಡಿದು, ನನ್ನ ನಂಬರು ಬರೋವರೆಗೆ ತಡೆದುಕೊಂಡು ಕೂತ ಆ ಅರ್ಧ ಗಂಟೆ ನನಗೆ ಆಪರೇಷನ್ನಿಗಿಂತ ಕಷ್ಟವಾಗಿತ್ತು. ಪಕ್ಕದಲ್ಲಿದ್ದವರು ಹರಪನಹಳ್ಳಿ ಕಡೆಯವರು. “ನಿಮಗೂ ನಿಲ್ಲೋದಿಲ್ಲೇನ್ರಿ?” ಅಂದರು. ಇಬ್ಬರೂ ನಕ್ಕೆವು, ನಗಬಾರದಿತ್ತು. ಅದಕ್ಕೇ ಹೇಳೋದು, ಕಾಯೋ ಈ ತಿಂಗಳುಗಳಲ್ಲಿ ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ ಮಾಡಿಸು. ನಿನಗೆ ನಾಚಿಕೆಯಾದರೆ ಅವನನ್ನು ನನ್ನ ಹತ್ತಿರ ಕಳಿಸು.

ಭಾನುವಾರ ಬಾ. ಬಯಾಪ್ಸಿ ರಿಪೋರ್ಟು ಆಸ್ಪತ್ರೆಯಿಂದ ತರಿಸು, ಮೂರು ಜೆರಾಕ್ಸ್ ಮಾಡಿಸು. ಆಧಾರ್, ರೇಷನ್ ಕಾರ್ಡು ಎರಡೂ ತಾ. ನಮ್ಮೂರಲ್ಲಿ ಮನೆಗೊಬ್ಬ ಮರುಳಸಿದ್ದಪ್ಪ, ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ನಿಮ್ಮಪ್ಪನ ಹೆಸರಿಗೆ ಒಂದರಲ್ಲಿ ಎರಡು ‘ಡಿ’, ಇನ್ನೊಂದರಲ್ಲಿ ಒಂದೇ ಇದ್ದ ಹಾಗೆ ಕಂಡಿತು. ಕನ್ನಡಕ ಹಾಕಿಕೊಂಡು ನೋಡ್ತೀನಿ.