ದುರಭ್ಯಾಸವನ್ನು ಬಿಡುವವನಿಗೆ ಬಹುಮಾನವೇ?

ಮತ್ತಿನ ಪದಾರ್ಥಕ್ಕೆ ದಾಸನಾದವನನ್ನು ಬಿಡಿಸುವದಕ್ಕೆ ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿರುವ ಉಪಾಯಗಳು ಎರಡು: ಒಂದು ಬೈಯುವದು, ಇನ್ನೊಂದು ಆಣೆ ಹಾಕಿಸುವದು. ಇವುಗಳ ಫಲವೆಷ್ಟೆಂಬದನ್ನು ನಾವೆಲ್ಲರೂ ಕಂಡಿದ್ದೇವೆ. ಅಮೇರಿಕಾ ದೇಶದವರು ಮೂರನೆಯದೊಂದನ್ನು ಮೂವತ್ತು ವರುಷಗಳಿಗಿಂತ ಹೆಚ್ಚಾಗಿ ಪರೀಕ್ಷಿಸುತ್ತಾ ಬಂದಿದ್ದಾರೆ. ಕೇಳಿದ ಕೂಡಲೆ ಅದು ನಗೆ ಬರಿಸುವಂಥದು; ಯಾಕಂದರೆ ಅವರು ಬಿಟ್ಟವನಿಗೆ ಬಹುಮಾನ ಕೊಡುತ್ತಾರೆ.

ಕೊಕೇನು, ಮೆಥಾಂಫೆಟಮೈನು ಎಂಬವುಗಳಿಗೆ ಉತ್ತೇಜಕ ದ್ರವ್ಯಗಳೆಂದು ಹೆಸರು. ಇವು ಹಸಿವನ್ನೂ ನಿದ್ರೆಯನ್ನೂ ಓಡಿಸಿ, ಸ್ವಲ್ಪ ಹೊತ್ತು ಬಲ ಬಂದ ಹಾಗೆ ತೋರಿಸಿ, ಕಡೆಗೆ ಹೃದಯವನ್ನೂ ಬುದ್ಧಿಯನ್ನೂ ಕೆಡಿಸುತ್ತವೆ. ಅಫೀಮಿನ ಜಾತಿಯ ಮತ್ತಿಗೆ ಮೆಥಡೋನು ಮೊದಲಾದ ಮದ್ದುಗಳಿವೆ. ಇವುಗಳ ಚಟಕ್ಕಾದರೋ ಆ ದೇಶದ ಸರಕಾರವು ಒಪ್ಪಿದ ಮದ್ದು ಒಂದೂ ಇಲ್ಲ. ಆದದರಿಂದ ಮದ್ದಿಲ್ಲದ ದಾರಿಯನ್ನು ಹುಡುಕಬೇಕಾಯಿತು.

ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ ಎಂಬ ಪಂಡಿತರು 1990ರ ದಶಕದ ಆರಂಭದಲ್ಲಿ ಕೊಕೇನು ಸೇವಿಸುವವರಿಗೆ ಹೀಗೆ ಮಾಡಿ ನೋಡಿದರು. ವಾರಕ್ಕೆ ಮೂರಾವರ್ತಿ ಮೂತ್ರ ಪರೀಕ್ಷೆ. ಕೊಕೇನು ಕಾಣದಿದ್ದರೆ ಆಗಲೇ ಒಂದು ಚೀಟಿ. ಮೊದಲನೆಯ ಚೀಟಿಗೆ 2.50 ಡಾಲರು ಬೆಲೆ. ಎಡೆಬಿಡದೆ ಶುದ್ಧನಾಗಿ ಬಂದ ಹಾಗೆಲ್ಲಾ ಆ ಬೆಲೆಯು ಏರುವದು. ಕೈಗೆ ಹಣ ಕೊಡುತ್ತಿರಲಿಲ್ಲ. ಮೀನು ಹಿಡಿಯುವ ಪರವಾನಗಿಯಂಥ ಉಪಯುಕ್ತವಾದದ್ದನ್ನು ಚೀಟಿಗೆ ಬದಲಾಗಿ ಅವರೇ ಕೊಂಡು ಕೊಡುತ್ತಿದ್ದರು. ಎಡವಿದವನ ಚೀಟಿಯು ಮೊದಲಿನ 2.50ಕ್ಕೆ ಇಳಿಯುವದು. ಅವನನ್ನು ಹೊರಗೆ ಹಾಕುತ್ತಿರಲಿಲ್ಲ. ಮುಂದೆ ಐದು ಸಾರಿ ಒಂದೇ ಸಮನೆ ಶುದ್ಧನಾಗಿ ಬಂದರೆ, ಕಳಕೊಂಡ ಮಟ್ಟವನ್ನೇ ಅವನಿಗೆ ತಿರಿಗಿ ಕೊಡುತ್ತಿದ್ದರು. ಇಡೀ ಏರ್ಪಾಟಿನಲ್ಲಿ ನಮಗೆ ಬಹಳ ಮೆಚ್ಚಿಕೆಯಾದದ್ದು ಈ ನಿಯಮವೇ. 1994ರಲ್ಲಿ ಪ್ರಕಟವಾದ ಲೆಕ್ಕದಂತೆ, ಚೀಟಿ ಪಡೆದವರೊಳಗೆ ನೂರಕ್ಕೆ 75 ಮಂದಿ 24 ವಾರಗಳ ಚಿಕಿತ್ಸೆಯನ್ನು ಮುಗಿಸಿದರು. ಚೀಟಿಯಿಲ್ಲದೆ ಅದೇ ಬುದ್ಧಿವಾದವನ್ನು ಕೇಳಿದವರೊಳಗೆ 40 ಮಂದಿ ಮಾತ್ರ.

ಇದು ಲಂಚವಲ್ಲವೋ ಎಂದು ಕೆಲವರು ಕೇಳಾರು. ಆ ದೇಶದ ಕಾಯಿದೆಗೂ ಇದೇ ಭಯವಿತ್ತು. ಕೇಂದ್ರ ಸರಕಾರದ ಅನುದಾನದಿಂದ ಒಬ್ಬ ರೋಗಿಗೆ ವರುಷಕ್ಕೆ 75 ಡಾಲರಿಗಿಂತ ಹೆಚ್ಚು ಬಹುಮಾನ ಕೊಡಕೂಡದೆಂಬ ಮಿತಿಯು ಬಹು ಕಾಲ ಇದ್ದು, 2025ನೆಯ ಜನವರಿಯಲ್ಲಿ 750ಕ್ಕೆ ಏರಿತು. ನಮ್ಮ ಎಣಿಕೆಯಲ್ಲಿ ಮಾಡಬಾರದ್ದನ್ನು ಮಾಡಿಸುವದಕ್ಕೆ ಕೊಡುವದೇ ಲಂಚ. ಇಲ್ಲಿ ಕೊಡುವದೋ ಕಠಿಣವಾದ ಕೆಲಸಕ್ಕೆ ಕೂಲಿ. ಮತ್ತಿನ ಸುಖವು ಈ ಗಳಿಗೆಯಲ್ಲೇ ದೊರಕುವದು, ಬಿಟ್ಟದ್ದರ ಫಲವೋ ತಿಂಗಳುಗಳಾದ ಮೇಲೆ ಕಾಣುವದು. ಆ ನಡುವಣ ಬರಗಾಲವನ್ನು ದಾಟುವದಕ್ಕೆ ಚೀಟಿಯು ಬುತ್ತಿಯಂತೆ ಇದೆ.

ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ ಎಂಬಾಕೆಯು ಖರ್ಚು ಕಡಿಮೆಯಾಗಲೆಂದು ಬೋಗುಣಿಯೊಳಗಿಂದ ಚೀಟಿ ಎತ್ತಿಸುವ ಕ್ರಮವನ್ನು ತಂದರು. 500 ಚೀಟಿಗಳಲ್ಲಿ ಅರ್ಧದಷ್ಟರಲ್ಲಿ ಶಾಬಾಸ್ ಎಂಬ ಮಾತು ಮಾತ್ರ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಸಣ್ಣ ಬಹುಮಾನ, ಒಂದೇ ಒಂದಕ್ಕೆ ದೊಡ್ಡದು. (ಇದು ಜೂಜಲ್ಲವೇ ಎಂದು ಹೆದರುವವರು ಹೆದರಬೇಕಾಗಿಲ್ಲ, ಎತ್ತುವವನು ತನ್ನ ಕಾಸನ್ನು ಪಣವಾಗಿ ಇಡುವದಿಲ್ಲ. ಆಕೆಯು ಜೂಜಿನ ಚಟವನ್ನೂ ಆಳವಾಗಿ ಅಭ್ಯಾಸ ಮಾಡಿದವರು.)

ಆದರೆ ಚೀಟಿಯನ್ನು ಕೊಡುವ ಕೈ ಯಾರದಾಗಿರಬೇಕು? ಉತ್ತರ ಅಮೇರಿಕಾದ ಕೆಲವು ಪಟ್ಟಣಗಳಲ್ಲಿ ಹಿಂದೆ ತಾವೇ ಈ ದ್ರವ್ಯಗಳ ವಶದಲ್ಲಿದ್ದವರು ಆ ಕೆಲಸವನ್ನು ನಡಿಸುತ್ತಾರೆ. ಇವರು ಪೂರ್ಣವಾಗಿ ಬಿಟ್ಟವನಿಗೆ ಮಾತ್ರವಲ್ಲ, ಕೂಟಕ್ಕೆ ಬಂದವನಿಗೂ ರಕ್ತಪರೀಕ್ಷೆ ಮಾಡಿಸಿಕೊಂಡವನಿಗೂ ಸೇವನೆಯನ್ನು ಕಡಿಮೆ ಮಾಡಿದವನಿಗೂ ಬಹುಮಾನ ಕೊಡುವದುಂಟು. ಇದು ಸಡಿಲವಾದ ನಡತೆಯೆಂದು ತೋರಬಹುದು. ಆದರೆ ಈಗ ಅಲ್ಲಿ ಮಾರುವ ಕೊಕೇನಿನಲ್ಲಿಯೂ ಮೆಥಾಂಫೆಟಮೈನಿನಲ್ಲಿಯೂ ಫೆಂಟನಿಲ್ ಎಂಬ ಘೋರವಾದ ಮತ್ತು ಬೆರೆತಿರುವದುಂಟು. ಅರಿಯದೆ ಸೇವಿಸಿದವನು ಉಸಿರು ನಿಂತು ಸಾಯುತ್ತಾನೆ. ನಾಳೆ ಬಿಡತಕ್ಕವನು ಇಂದು ಬದುಕಿರಬೇಕಷ್ಟೆ. ಅಂಥವನು ವೈದ್ಯನ ಬಾಗಲಿಗೆ ಬರಲು ನಾಚುವನು, ಸುಳ್ಳು ಹೇಳುವನು. ತನ್ನ ಹಾಗೆಯೇ ಬಿದ್ದು ಎದ್ದವನ ಮುಂದೆ ಸುಳ್ಳು ನಡೆಯುವದಿಲ್ಲ, ನಾಚಿಕೆಯೂ ಬೇಕಾಗುವದಿಲ್ಲ.

ಬಹುಮಾನ ನಿಂತ ಮೇಲೆ ಏನು? ಅನೇಕರಲ್ಲಿ ಅದರ ಫಲವು ಕ್ರಮೇಣ ಕುಗ್ಗುತ್ತದೆಂಬದನ್ನು ಮರೆಮಾಡಬಾರದು. 50 ಪರೀಕ್ಷೆಗಳನ್ನು ಕೂಡಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ, ಬಹುಮಾನದೊಂದಿಗೆ ಉದ್ಯೋಗ, ಕುಟುಂಬ, ಹೊಸ ಸ್ನೇಹ ಇವುಗಳನ್ನೂ ಕಟ್ಟಿಕೊಡುವ ಕ್ರಮವೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತೆಂದು ಕಂಡುಬಂತು. ಕಡೆಯ ಚೀಟಿ ತೀರಿದ ಮಾರಣೆ ದಿನ ಆ ಮನುಷ್ಯನ ಮನೆಯ ಬಾಗಲು ತಟ್ಟಿ, ಈ ಹೊತ್ತು ಕೆಲಸಕ್ಕೆ ಹೊರಟೆಯಾ ಎಂದು ವಿಚಾರಿಸುವದಕ್ಕೆ ಆ ಮೊದಲಿನ ಜೊತೆಗಾರನೇ ತಕ್ಕವನು.