ಕತ್ತಿಯ ಮೇಲಿನ ಕೆಂಪು: ಒಂದು ಬೋಧನಾಭ್ಯಾಸದ ಅನುಭವ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಹತ್ತನೇ ತರಗತಿ. ಘಟಕ, ಸ್ಥಾನಪಲ್ಲಟ ಕ್ರಿಯೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟು ಸುಮಾರು ಇಪ್ಪತ್ತು ನಿಮಿಷ ಕಾಯಬೇಕು. ಆ ಹೊತ್ತು ತುಂಬಿಸಲು "ಈ ನೀಲಿ ತಾಮ್ರದ ಬಣ್ಣ" ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. ಅವಲೋಕನ ಹಾಳೆಯಲ್ಲಿ ನಾನು 'ಭಾಗವಹಿಸುವುದಿಲ್ಲ' ಎಂದು ಬರೆದಿದ್ದು ಇವನನ್ನೇ. "ಮಿಸ್, ಇದು ಮೈಲುತುತ್ತ ಅಲ್ವಾ? ಔಷಧಿ ಕಲಸಿದ ಮೇಲೆ ಅಪ್ಪ ಕತ್ತಿ ಅದ್ದಿ ನೋಡ್ತಾರೆ. ಕೆಂಪಗಾದ್ರೆ ಸುಣ್ಣ ಸಾಲದು ಅಂತಾರೆ. ಆ ಕೆಂಪೇ ತಾಮ್ರ ಆದ್ರೆ, ನೀಲಿ ಹೇಗೆ ತಾಮ್ರದ್ದು?"

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಮೊದಲು ಅವನಿಂದಲೇ ಬೋರ್ಡೋ ಮಿಶ್ರಣದ ಲೆಕ್ಕ ಹೇಳಿಸಿದೆ: ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ, ಕಾಫಿಯ ಎಲೆ ತುಕ್ಕಿಗೆ ಅದರರ್ಧ. ಆಮೇಲೆ ನಾಲ್ಕು ಹರಳನ್ನು ಪ್ರನಾಳದಲ್ಲಿ ಕಾಯಿಸಿದೆ. ಬಾಯಿಯ ಬಳಿ ನೀರಿನ ಹನಿ ಕಟ್ಟಿತು, ಹರಳು ಬಿಳಿ ಪುಡಿಯಾಯಿತು. ತಣಿದ ಮೇಲೆ ಒಂದು ಹನಿ ನೀರು ಹಾಕಿದೆ, ನೀಲಿ ಮರಳಿತು. ತಾಮ್ರ ಎಲ್ಲಿಗೂ ಹೋಗಿರಲಿಲ್ಲ, ಹೋಗಿ ಬಂದದ್ದು ನೀರು. ತಾಮ್ರದ ಅಯಾನನ್ನು ನೀರಿನ ಅಣುಗಳು ಸುತ್ತುವರಿದಾಗ ಅದು ಬೆಳಕಿನ ಕೆಂಪು-ಕಿತ್ತಳೆ ಭಾಗವನ್ನು ಹೀರುತ್ತದೆ, ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ನೀರು ಹೋದರೆ ಹೀರಿಕೆ ಕಣ್ಣಿಗೆ ಕಾಣದ ಅವಕೆಂಪಿನ ಕಡೆ ಸರಿಯುತ್ತದೆ.

ಲೋಹ ಬದಲಾದರೂ ಬಣ್ಣ ಬದಲಾಗುತ್ತದೆ. ಮೊಳೆ ಇಟ್ಟ ದ್ರಾವಣ ತಿಳಿಹಸಿರಾಗಿತ್ತು. ಸತುವಿನ ಚೂರು ಹಾಕಿದ್ದು ಪೂರ್ತಿ ಬಣ್ಣಗೆಟ್ಟಿತು. ತಾಮ್ರದ ಅಯಾನಿನ 3ಡಿ ಉಪಕವಚದಲ್ಲಿ 9 ಎಲೆಕ್ಟ್ರಾನುಗಳು, ಒಂದು ಜಾಗ ಖಾಲಿ. ಸತುವಿನಲ್ಲಿ 10, ಜಿಗಿಯಲು ಜಾಗವೇ ಇಲ್ಲ. ಇದನ್ನು ಹತ್ತನೇ ತರಗತಿಗೆ ಹೇಳಹೋಗಿ ಮಕ್ಕಳನ್ನು ಕಳೆದುಕೊಂಡೆ. ಇದು ಶಿಕ್ಷಕರ ಟಿಪ್ಪಣಿಯಲ್ಲಿದ್ದರೆ ಸಾಕಿತ್ತು.

ಗಂಟೆ ಹೊಡೆಯುವಾಗ ಒಬ್ಬಳು ಕೇಳಿದಳು: "ಸುಣ್ಣ ಸರಿಯಾಗಿದ್ರೂ ಔಷಧಿ ನೀಲಿನೇ ಇರುತ್ತೆ. ಆವಾಗ ಕತ್ತಿ ಯಾಕೆ ಕೆಂಪಾಗಲ್ಲ?" ಈ ಸಲ ಉತ್ತರ ಹೇಳಲಿಲ್ಲ. ಸರಿಯಾಗಿ ಕಲಸಿದ ಮಿಶ್ರಣವನ್ನು ಸೋಸುಕಾಗದದಲ್ಲಿ ಸೋಸಿಸಿದೆ. ನೀಲಿಯೆಲ್ಲ ಕಾಗದದ ಮೇಲೆ ಉಳಿಯಿತು, ಕೆಳಗಿಳಿದ ನೀರಿಗೆ ಬಣ್ಣವಿರಲಿಲ್ಲ. "ಕರಗಿರೋ ತಾಮ್ರನೇ ಇಲ್ವಲ್ಲ" ಎಂದ ಹಿಂದಿನ ಬೆಂಚಿನವನು. ಅವಲೋಕನ ಹಾಳೆಯ ಆ ಸಾಲನ್ನು ಅವತ್ತೇ ಹೊಡೆದುಹಾಕಿದೆ.